ಏಳನೇ ನಂಬರಿನ ಡ್ರೈವರು ಗಡಿ ದಾಟಿದ್ದು

ಮೂವತ್ತೊಂದು ವರ್ಷ ಒಂದೇ ದಾರಿಯಲ್ಲಿ ಸಿಟಿ ಬಸ್ಸು ಓಡಿಸಿದವನನ್ನು ಊರಿನವರು ಅಪ್ಪ ಅಮ್ಮ ಇಟ್ಟ ಹೆಸರನ್ನು ಮರೆತು ಏಳನೇ ನಂಬರು ಎಂದೇ ಕರೆಯುತ್ತಿದ್ದರು. ಮಾರ್ಕೆಟ್ಟಿನಿಂದ ನೀರಿನ ಟ್ಯಾಂಕಿಗೆ, ಟ್ಯಾಂಕಿನಿಂದ ಮಾರ್ಕೆಟ್ಟಿಗೆ. ದಿನಕ್ಕೆ ಒಂಬತ್ತು ಟ್ರಿಪ್ಪು, ಒಂದೊಂದರಲ್ಲೂ ನಲವತ್ತೆರಡು ಸ್ಟಾಪು. ಯಾವ ಸ್ಟಾಪಿನಲ್ಲಿ ಯಾರು ಓಡೋಡಿ ಬರುತ್ತಾರೆ, ಯಾರು ಬಾಗಿಲಲ್ಲೇ ನಿಂತು ಚೀಲದೊಳಗೆ ಪಾಸು ಹುಡುಕುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ನಿವೃತ್ತಿಯಾದ ಮಾರನೆಯ ದಿನವೂ ಅವನು ನಾಲ್ಕೂವರೆಗೆ ಎದ್ದು, ಷೂ ಹಾಕಿಕೊಂಡು, ಮಂಚದ ತುದಿಯಲ್ಲಿ ಏಳರವರೆಗೆ ಸುಮ್ಮನೆ ಕೂತಿದ್ದ.

ಆಮೇಲೆ ಅಡುಗೆಮನೆಗೆ ಬಂದು ಹೆಂಡತಿಗೆ ಬುದ್ಧಿ ಹೇಳಲು ಶುರುಮಾಡಿದ. ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಬೇಕು, ಕುಕ್ಕರ್ ಕೂಗುವ ಮೊದಲೇ ಈರುಳ್ಳಿ ಹೆಚ್ಚಿರಬೇಕು. ಹೆಂಡತಿ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನಕ್ಕೆ ಎಂಟುನೂರು ಹಾಸಿಗೆ ಬಟ್ಟೆ ಒಗೆಸಿ, ಒಣಗಿಸಿ, ಮಡಿಸಿ, ವಾರ್ಡುಗಳಿಗೆ ಕಳಿಸುವವಳು. ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ಅವಳ ಗಂಟಲು ಗಡುಸಾಗಿತ್ತು, ಮಾತು ಮಾತ್ರ ಕಡಿಮೆ. ಹನ್ನೆರಡು ದಿನ ತಾಳಿಕೊಂಡಳು. ಹದಿಮೂರನೆಯ ದಿನ ಈರುಳ್ಳಿಯನ್ನು ಪಕ್ಕಕ್ಕೆ ಸರಿಸಿ, "ಊರಿಗೆ ಊರನ್ನೇ ಕೂರಿಸ್ಕೊಂಡು ಓಡಾಡಿಸಿದ್ರಿ. ನನ್ನ ಎಲ್ಲಿಗೆ ಕರ್ಕೊಂಡು ಹೋಗಿದೀರಿ?" ಎಂದಳು.

ಅವನು ಯೋಚಿಸಿ, "ನೀರಿನ ಟ್ಯಾಂಕಿಗೆ" ಎಂದ. ತಮಾಷೆಗೆ ಹೇಳಿದ್ದಲ್ಲ.

ಹೀಗೆ ಪಕ್ಕದ ದೇಶದಲ್ಲಿ ಅಡುಗೆ, ಹಾಸಿಗೆ ಎಲ್ಲ ಒಳಗೇ ಇರುವ ಕ್ಯಾಂಪರ್ ವ್ಯಾನು ಬಾಡಿಗೆಗೆ ಹಿಡಿದು ಹತ್ತು ದಿನ ಸುತ್ತುವುದೆಂದು ನಿಶ್ಚಯವಾಯಿತು. ಆಯ್ಕೆ ಅವಳದು. ಅವನು ಒಪ್ಪಿದ್ದು ಒಂದೇ ಕಾರಣಕ್ಕೆ: ಹೇಗಿದ್ದರೂ ಗಾಡಿ ಓಡಿಸುವುದು ತಾನೇ ತಾನೆ.

ರೈಲಿನಲ್ಲಿ ಗಡಿ ದಾಟಿ ಬಾಡಿಗೆ ಆಫೀಸಿಗೆ ಹೋದರು. ಕೌಂಟರಿನ ಹುಡುಗಿ ಮೂವರಿಗೂ ಅರ್ಧಂಬರ್ಧ ಬರುತ್ತಿದ್ದ ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಪಾಠ ಮಾಡಿದಳು. ಕುಡಿಯುವ ನೀರು ತುಂಬುವುದು ಇಲ್ಲಿ, ಪಾತ್ರೆ ತೊಳೆದ ನೀರು ಬಿಡುವುದು ಅಲ್ಲಿ, ಗ್ಯಾಸು ಹೀಗೆ, ಕಕ್ಕಸಿನ ಪೆಟ್ಟಿಗೆಯನ್ನು ಮೂರು ದಿನಕ್ಕೊಮ್ಮೆ ಹೊರಗೆಳೆದು ಖಾಲಿ ಮಾಡುವುದು ಹೀಗೆ. ಹೆಂಡತಿ ಪುಸ್ತಕದಲ್ಲಿ ಬರೆದುಕೊಂಡಳು. ಅವನು ಮಾತ್ರ ಟೈರುಗಳನ್ನು ಒಂದೊಂದಾಗಿ ಒದ್ದು ನೋಡುತ್ತ, "ಬ್ರೇಕು ಎಲ್ಲಿದೆ ತೋರಿಸಿದ್ರೆ ಸಾಕು. ಮಿಕ್ಕಿದ್ದನ್ನ ಗಾಡೀನೇ ಹೇಳುತ್ತೆ" ಎಂದ.

ಆಮೇಲೆ ಗತ್ತಿನಿಂದ ಬಾಗಿಲು ತೆಗೆದು, ಹತ್ತಿ ಕೂತು, ಬೆಲ್ಟು ಬಿಗಿದು, ಕೈ ಮುಂದೆ ಚಾಚಿದ. ಸ್ಟೀರಿಂಗ್ ಇರಲಿಲ್ಲ. ಆ ದೇಶದಲ್ಲಿ ಅದು ಇನ್ನೊಂದು ಪಕ್ಕಕ್ಕಿತ್ತು. ಹುಡುಗಿ ಮುಖ ತಿರುಗಿಸಿಕೊಂಡಳು. ಹೆಂಡತಿ ಸುತ್ತಿಕೊಂಡು ಬಂದು, "ಆ ಕಡೆ" ಎಂದಷ್ಟೇ ಹೇಳಿದಳು.

ಮೊದಲ ವೃತ್ತದಲ್ಲೇ ಕಪಾಟುಗಳೆಲ್ಲ ಬಾಯಿ ತೆರೆದವು. ಹೊರಡುವ ಮೊದಲು ಚಿಲಕ ಹಾಕಬೇಕೆಂದು ಹುಡುಗಿ ಹೇಳಿದ್ದಳು, ಹೆಂಡತಿ ಬರೆದುಕೊಂಡೂ ಇದ್ದಳು. ಆದರೆ ಅವನು ರೈಟ್ ಎಂದವನೇ ಹೊರಟುಬಿಟ್ಟಿದ್ದ. ತಟ್ಟೆ, ಲೋಟ, ಒಂದು ಡಬ್ಬ ಸಕ್ಕರೆ ನೆಲಕ್ಕೆ ಬಿದ್ದವು. ಆ ಹತ್ತು ದಿನವೂ ಅವರು ಎಲ್ಲಿ ಕಾಲಿಟ್ಟರೂ ಕರಕರ ಎನ್ನುತ್ತಿತ್ತು. ಇರುವೆಗಳು ಮಾತ್ರ ಪ್ರವಾಸವನ್ನು ಮೊದಲ ದಿನದಿಂದಲೇ ಅನುಭವಿಸಿದವು.

ಆದರೂ ಮೊದಲ ಎರಡು ದಿನ ಚೆನ್ನಾಗಿದ್ದವು ಎಂದೇ ಹೇಳಬೇಕು. ರಸ್ತೆಯ ಆ ಕಡೆಯಲ್ಲಿ ಓಡಿಸುವುದು ಅವನಿಗೆ ಒಂದೇ ದಿನಕ್ಕೆ ಒಗ್ಗಿತು. ಬೆಳಗ್ಗೆ ಹೊಲದ ಬದಿ ನಿಲ್ಲಿಸಿ ಬಾಗಿಲಲ್ಲಿ ಕೂತು ಕಾಫಿ ಕುಡಿಯುವಾಗ ಹೆಂಡತಿ ಕಾಲು ಅಲ್ಲಾಡಿಸುತ್ತಿದ್ದುದನ್ನು ಅವನು ನೋಡಿದ. ಮದುವೆಯಾದ ಹೊಸತರಲ್ಲಿ ಅವಳಿಗೆ ಆ ಅಭ್ಯಾಸವಿತ್ತು. ಈಗಲೂ ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಎಡವಟ್ಟಾದದ್ದು ಮೂರನೆಯ ದಿನ. ಗುಡ್ಡದ ದಾರಿಯಲ್ಲಿ ಬಸ್ ತಂಗುದಾಣವೊಂದು ಕಾಣಿಸಿತು. ಒಳಗೆ ಒಬ್ಬ ಮುದುಕಿ, ಪಕ್ಕದಲ್ಲಿ ಎರಡು ದೊಡ್ಡ ಚೀಲ. ಅವನ ಮನಸ್ಸು ಏನನ್ನೂ ಹೇಳಲಿಲ್ಲ; ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗಾಡಿ ತಂಗುದಾಣದ ಕಟ್ಟೆಗೆ ಗೇಣುದ್ದ ಬಿಟ್ಟು ಕರಾರುವಾಕ್ಕಾಗಿ ನಿಂತಿತು.

"ಯಾಕ್ರೀ ನಿಲ್ಸಿದ್ರಿ?" ಎಂದಳು ಹೆಂಡತಿ.

ಅವನು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಪಕ್ಕದ ಬಾಗಿಲನ್ನು ತಾನೇ ಸರಿಸಿ, ಚೀಲಗಳನ್ನು ಒಳಗೆ ನೂಕಿ, ಊಟದ ಮೇಜಿನ ಹಿಂದೆ ಕೂತಾಗಿತ್ತು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿ ಮುಂದಕ್ಕೆ ಬೆರಳು ತೋರಿಸಿದಳು. ಬಸ್ಸು ಬಂದಿಲ್ಲವೆಂದೋ, ನೀವಾದರೂ ಬಂದಿರಲ್ಲ ಎಂದೋ ಇರಬೇಕು.

"ಇಳಿಸೋದು ಹೇಗೆ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಹತ್ತಿದ ಪ್ಯಾಸೆಂಜರನ್ನ ಇಳಿಸೋ ಪದ್ಧತಿ ಇಲ್ಲ" ಎಂದು ಅವನು ಗೇರು ಹಾಕಿದ. ಅವನ ಬೆನ್ನು ನೆಟ್ಟಗಾಗಿತ್ತು. ಹಿಂದೆ ಒಬ್ಬರು ಕೂತ ಮೇಲೆಯೇ ಗಾಡಿಗೆ ಒಂದು ತೂಕ ಬಂದಂತೆ ಅವನಿಗೆ ಅನಿಸಿತು.

ಮುದುಕಿಯ ಬೆರಳು ತೋರಿಸಿದ ಕಡೆಯೆಲ್ಲ ಹೋದರು. ದೊಡ್ಡ ರಸ್ತೆ ಸಣ್ಣದಾಯಿತು, ಸಣ್ಣದು ಓಣಿಯಾಯಿತು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಮೊಣಕಾಲುದ್ದದ ಚರಂಡಿ. ತಿರುವಿನಲ್ಲಿ ಹುಲ್ಲು ಹೇರಿಕೊಂಡ ಟ್ರಾಕ್ಟರು ಎದುರಾಯಿತು. ಅದರ ಹಿಂದೆ ಟ್ರೇಲರು, ಟ್ರೇಲರಿನ ಹಿಂದೆ ಇಳಿಜಾರು. ಟ್ರಾಕ್ಟರಿನವನು ಕೈ ಬೀಸಿ, ನೀವೇ ಹಿಂದೆ ಹೋಗಬೇಕು ಎಂದು ಸನ್ನೆ ಮಾಡಿದ.

ಏಳನೇ ನಂಬರಿನ ಹಣೆಯಲ್ಲಿ ಬೆವರೊಡೆಯಿತು. ಏಕೆಂದರೆ ಸಿಟಿ ಬಸ್ಸಿನ ಡ್ರೈವರು ಮುಂದಕ್ಕೆ ಹೋಗುವವನು. ಡಿಪೋದಲ್ಲಿ ಹಿಂದಕ್ಕೆ ಹೋಗಬೇಕಾದಾಗ ಒಬ್ಬ ಸೀಟಿ ಹಿಡಿದು ನಿಲ್ಲುತ್ತಿದ್ದ. ಕೊನೆಯ ಹತ್ತು ವರ್ಷವಂತೂ ಡಿಪೋಗೆ ಎರಡು ಗೇಟು ಮಾಡಿ ಆ ಕಷ್ಟವನ್ನೂ ತಪ್ಪಿಸಿದ್ದರು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯವೆಂದು ಅನಿಸಿಯೂ ಇರಲಿಲ್ಲ.

"ಬರುತ್ತಲ್ವಾ?" ಎಂದಳು ಹೆಂಡತಿ, ಅವನ ಮುಖ ನೋಡಿ.

"ಬರದೇ ಏನು?" ಎಂದು ಅವನು ರಿವರ್ಸ್ ಹಾಕಿದ.

ಇಪ್ಪತ್ತಡಿ ಹೋಗುವುದರಲ್ಲಿ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಗಾಡಿ ಒಂದು ಮಗ್ಗುಲಿಗೆ ವಾಲಿತು. ಮುದುಕಿಯ ಚೀಲದಿಂದ ಆಲೂಗಡ್ಡೆಗಳು ಉರುಳಿ ಸಕ್ಕರೆಯ ಜೊತೆ ಸೇರಿಕೊಂಡವು. ಮುದುಕಿ ಕಿರುಚಲಿಲ್ಲ, ಗಾಬರಿಯಾಗಲಿಲ್ಲ. ಮೇಜನ್ನು ಹಿಡಿದುಕೊಂಡು, ಇಂಥದ್ದನ್ನು ಬಹಳ ನೋಡಿದ್ದೇನೆ ಎಂಬಂತೆ ಕೂತಿದ್ದಳು.

ಟ್ರಾಕ್ಟರಿನವನು ಹಗ್ಗ ತಂದು, ಗಾಡಿಯ ಮೂತಿಗೆ ಕಟ್ಟಿ, ಇಳಿಜಾರಿನಲ್ಲೇ ಹೇಗೋ ನಾಲ್ಕಡಿ ಹಿಂದೆ ಸರಿದು ಎಳೆದ. ಚಕ್ರ ಮೇಲೆ ಬಂತು, ಹಿಂದಿನ ಬಂಪರು ನಗ್ಗಿತು. ಆದರೆ ಓಣಿ ಇನ್ನೂ ಅಷ್ಟೇ ಉದ್ದಕ್ಕೆ ಹಿಂದೆ ಬಾಕಿಯಿತ್ತು. ಏಳನೇ ನಂಬರು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಅಲ್ಲಾಡದೆ ಕೂತಿದ್ದ.

ಹೆಂಡತಿ ಅವನ ಬಾಗಿಲು ತೆಗೆದಳು. "ಇಳೀರಿ."

"ಯಾಕೆ?"

"ಇಳೀರಿ ಅಂದ್ನಲ್ಲ. ಹಿಂದೆ ಹೋಗಿ ಕೂತ್ಕೊಳ್ಳಿ."

ಅವನು ಹಿಂದೆ ಹೋಗಿ ಮುದುಕಿಯ ಪಕ್ಕ ಕೂತ. ಹೆಂಡತಿ ಸೀಟನ್ನು ಮುಂದಕ್ಕೆ ಎಳೆದು, ಎರಡು ಕನ್ನಡಿಗಳನ್ನೂ ಸರಿಪಡಿಸಿ, ಕಿಟಕಿಯಿಂದ ಒಮ್ಮೆ ತಲೆ ಹೊರಹಾಕಿ ನೋಡಿದಳು. ಆಮೇಲೆ ಆ ಅರ್ಧ ಕಿಲೋಮೀಟರು ಓಣಿಯಲ್ಲಿ, ಗೋಡೆಗೂ ತಾಗದೆ ಚರಂಡಿಗೂ ಇಳಿಯದೆ, ನಿಧಾನವಾಗಿ ಒಂದೇ ಸಮನೆ ಹಿಂದಕ್ಕೆ ಹೋಗಿ, ಅಗಲವಾದ ಜಾಗದಲ್ಲಿ ಗಾಡಿಯನ್ನು ಪಕ್ಕಕ್ಕೆ ಹಾಕಿದಳು. ಟ್ರಾಕ್ಟರಿನವನು ದಾಟಿ ಹೋಗುವಾಗ ಅವಳಿಗೆ ಟೋಪಿ ತೆಗೆದ.

"ಎಲ್ಲಿ ಕಲಿತೆ?" ಎಂದ ಅವನು. ದನಿ ತುಸು ಮೆತ್ತಗಾಗಿತ್ತು.

"ಲಾಂಡ್ರಿ ವ್ಯಾನು. ನಮ್ಮ ಡ್ರೈವರ್ ಬಿಟ್ಟು ಹೋದ ಮೇಲೆ ನಾನೇ ತಗೊಂಡೆ. ದಿನಕ್ಕೆ ನಾಲ್ಕು ಸಲ ಹಿಂದ್ಹಿಂದೆ ಹೋಗಿ ಬಾಗ್ಲಿಗೆ ಹಚ್ಚಬೇಕು. ಹನ್ನೊಂದು ವರ್ಷ ಆಯ್ತು."

"ನನಗೆ ಹೇಳ್ಲೇ ಇಲ್ಲ?"

"ಹೇಳಿದ್ದೆ. ಅವತ್ತು ನೀವು ಐದನೇ ನಂಬರಿನವನು ಹೇಗೆ ಸಿಗ್ನಲ್ ಹಾರಿಸಿದ ಅಂತ ಹೇಳ್ತಾ ಇದ್ರಿ."

"ಲೈಸೆನ್ಸು?"

"ಕೌಂಟರಲ್ಲಿ ಇಬ್ಬರದ್ದೂ ಕೊಟ್ಟೆನಲ್ಲ. ನೀವು ಟೈರು ಒದೀತಾ ಇದ್ರಿ."

ಅವನು ಕಿಟಕಿಯ ಗಾಜು ಸರಿಸಿ ಉಸಿರೆಳೆದುಕೊಂಡ. ಮೂವತ್ತೊಂದು ವರ್ಷ ಗಾಡಿಯ ಮುಂದಿನ ಸೀಟಿನಲ್ಲೇ ಕೂತಿದ್ದವನಿಗೆ ಹಿಂದಿನ ಸೀಟಿನಲ್ಲಿ ಕೂತರೆ ವಾಕರಿಕೆ ಬರುತ್ತದೆ ಎಂಬುದು ಅಂದೇ ಗೊತ್ತಾದದ್ದು. ಮುದುಕಿ ಅವನ ಮುಖದ ಬಣ್ಣ ಕೆಟ್ಟದ್ದು ನೋಡಿ, ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಮೂಗಿನ ಹತ್ತಿರ ಹಿಡಿದಳು.

ಆ ದಿನ ಮತ್ತೆ ಓಣಿ ಹಿಡಿದು ಹೋಗಿ ಮುದುಕಿಯ ಮನೆಯ ಅಂಗಳದಲ್ಲೇ ಉಳಿದರು. ಮಾರನೆಯ ದಿನವೂ ಉಳಿದರು. ಗುಡ್ಡದ ದಾರಿ ಒಂದು ಕಡೆ ಅರ್ಧ ಕುಸಿದು ವಾರದಿಂದ ಬಸ್ಸು ನಿಂತಿದೆ, ಸಿಕ್ಕ ಸಣ್ಣ ಗಾಡಿಗೇ ಕಾಯಬೇಕು ಎಂದು ಮುದುಕಿಯ ಸೊಸೆ ಚಿತ್ರ ಬರೆದು ತೋರಿಸಿದಳು. ಏಳನೇ ನಂಬರಿಗೆ ಅಷ್ಟೇ ಸಾಕಾಯಿತು. ಬೆಳಗ್ಗೆ ಹೆಂಡತಿ ಏಳುವುದರೊಳಗೆ ಗಾಡಿಯಲ್ಲಿ ಆರು ಜನ ಕೂತಿದ್ದರು. ಒಬ್ಬಳ ತೊಡೆಯ ಮೇಲೆ ಕೋಳಿಯಿತ್ತು. ಹೆಂಡತಿ ಮೇಲಿನ ಹಾಸಿಗೆಯಿಂದ ರಾತ್ರಿಯ ಉಡುಪಿನಲ್ಲೇ ಕಾಲು ಇಳಿಬಿಟ್ಟಾಗ ಆರೂ ಜನ ಒಟ್ಟಿಗೆ ಅವಳಿಗೆ ತಲೆ ಬಾಗಿಸಿದರು.

ಸಂತೆಗೆ ಎರಡು ಟ್ರಿಪ್ಪು ಹೊಡೆದು ಅವನು ಮಧ್ಯಾಹ್ನ ಬಂದಾಗ ಹೆಂಡತಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಇದೇ ಕೆಲಸಕ್ಕೆ ಗಡಿ ದಾಟಬೇಕಿತ್ತಾ? ಅಲ್ಲೇ ಏಳನೇ ನಂಬರ್ ಹತ್ತಿದ್ರೆ ಆಗ್ತಿತ್ತು" ಎಂದಳು. ನಗುತ್ತಿರಲಿಲ್ಲ. "ನಂಗೆ ಎರಡು ವರ್ಷ ಕೂಡಿಟ್ಟ ರಜೆ ಇದು."

ಬೇರೆ ದಿನವಾಗಿದ್ದರೆ ಅವನು ಪ್ಯಾಸೆಂಜರುಗಳ ಕಷ್ಟದ ಬಗ್ಗೆ ಭಾಷಣ ಮಾಡುತ್ತಿದ್ದ. ಆ ಹೊತ್ತು ಕೋಳಿಯ ಪುಕ್ಕವೊಂದು ಅವನ ಅಂಗಿಗೆ ಅಂಟಿತ್ತು. ಅದನ್ನು ಕಿತ್ತು ಹಾಕಿ, "ಹೌದು, ತಪ್ಪಾಯ್ತು. ಎಲ್ಲಿಗೆ ಹೋಗೋಣ ಹೇಳು" ಎಂದ. ಹಾಗೆ ಕೇಳಿದ್ದು ಅವನಿಗೇ ಹೊಸದಾಗಿ ಕೇಳಿಸಿತು.

ಅವಳಿಗೆ ಸರೋವರ ನೋಡಬೇಕಿತ್ತು. ಹೊರಡುವ ಮೊದಲು ಕಕ್ಕಸಿನ ಪೆಟ್ಟಿಗೆ ಖಾಲಿ ಮಾಡುವ ದಿನ ಬಂದಿತ್ತು. "ಗಾಡೀನೇ ಹೇಳುತ್ತೆ ಅಂದಿದ್ರಲ್ಲ, ಹೇಳ್ತಾ ಇದೆ ನೋಡಿ" ಎಂದು ಹೆಂಡತಿ ಮೂಗು ಮುಚ್ಚಿಕೊಂಡು ಪುಸ್ತಕ ಅವನ ಕೈಗೆ ಕೊಟ್ಟಳು. ಅವನು ಒಂದೊಂದೇ ಸಾಲು ಓದಿಕೊಂಡು, ಉಸಿರು ಬಿಗಿಹಿಡಿದು, ಆ ಕೆಲಸವನ್ನೂ ಮಾಡಿದ. ಮುದುಕಿ ಒಂದು ಬಕೆಟ್ ನೀರು ತಂದು ಪಕ್ಕದಲ್ಲಿ ನಿಂತು, ಉದ್ದಕ್ಕೂ ಸಲಹೆ ಕೊಟ್ಟಳು. ಒಂದು ಪದವೂ ಅರ್ಥವಾಗದಿದ್ದರೂ ಎಲ್ಲವೂ ಅರ್ಥವಾಯಿತು.

ಅಲ್ಲಿಂದ ಮುಂದೆ ಗುಡ್ಡದ ದಾರಿಯೆಲ್ಲ ಅವಳದು, ಪಟ್ಟಣದ ದಾರಿಯೆಲ್ಲ ಅವನದು ಎಂದಾಯಿತು. ಒಪ್ಪಂದ ಸುಲಭವಾಗಿ ನಡೆಯಿತೆಂದಲ್ಲ. ಅವಳು ಓಡಿಸುವಾಗ ಅವನು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ. ಅವಳು ಒಮ್ಮೆ ಗಾಡಿ ನಿಲ್ಲಿಸಿ, "ಆ ಕಾಲನ್ನ ಮಡಚಿ ಇಟ್ಕೊಳ್ತೀರೋ ಇಲ್ವೋ?" ಎಂದು ಕೇಳಿದಳು. ಅವನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಳಿದ ಗುಡ್ಡಗಳನ್ನು ನೋಡಿದ. ಮೊದಲ ಬಾರಿಗೆ ರಸ್ತೆ ಬಿಟ್ಟು ಆಚೀಚೆ ನೋಡಲು ಪುರುಸೊತ್ತಾಗಿ, ದಾರಿಯ ಪಕ್ಕದಲ್ಲಿ ಇಷ್ಟೆಲ್ಲ ಇರುತ್ತದೆಯೇ ಎಂದು ಅವನಿಗೆ ಆಶ್ಚರ್ಯವಾಯಿತು.

ಸರೋವರದ ದಡದಲ್ಲಿ ಮೂರು ದಿನ ಇದ್ದರು. ಒಂದು ಮಧ್ಯಾಹ್ನ ಗಾಳಿ ಬಂದು ಗಾಡಿಯ ಪಕ್ಕಕ್ಕೆ ಚಾಚಿ ಕಟ್ಟಿದ್ದ ಬಿಸಿಲು ಪರದೆಯನ್ನು ನೀರಿಗೆ ಹಾಕಿತು. ಇಬ್ಬರೂ ಸೊಂಟದವರೆಗೆ ನೀರಿಗಿಳಿದು ಅದನ್ನು ಎಳೆದು ತಂದರು. ಒದ್ದೆಯಾದದ್ದಾಯಿತಲ್ಲ ಎಂದು ಹೆಂಡತಿ ಮತ್ತೆ ನೀರಿಗೆ ಹೋಗಿ, ಸಂಜೆಯವರೆಗೆ ಬರಲೇ ಇಲ್ಲ. ಅವನು ದಡದಲ್ಲಿ ಅವಳ ಟವೆಲು ಹಿಡಿದು ಕಾದ. ಇಡೀ ಜನ್ಮ ಅವನಿಗಾಗಿ ಜನ ಕಾದಿದ್ದರು. ತಾನು ಕಾಯುವುದು ಅವನಿಗೆ ಅಷ್ಟೇನೂ ಬೇಸರವೆನಿಸಲಿಲ್ಲ.

ಊರಿಗೆ ಬಂದ ಮೇಲೆ ಡಿಪೋದ ಕ್ಯಾಂಟೀನಿನಲ್ಲಿ ಹಳೆಯ ಸ್ನೇಹಿತರು ಸುತ್ತ ಕೂತು, "ಹೇಗಿತ್ತಪ್ಪ ಫಾರಿನ್ ಡ್ರೈವಿಂಗು?" ಎಂದು ಕೇಳಿದರು. ಚರಂಡಿಯ ವಿಷಯ ಬಿಟ್ಟು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದ. ಹೇಳಲು ಕೂತಾಗ ಚರಂಡಿಯಿಂದಲೇ ಶುರುಮಾಡಿದ. ಹೆಂಡತಿ ಗೋಡೆಗೂ ಚರಂಡಿಗೂ ನಡುವೆ ಗಾಡಿಯನ್ನು ಹೇಗೆ ತಂದಳೆಂಬುದನ್ನು ಎರಡು ಲೋಟ, ಒಂದು ಬೆಂಕಿಪೊಟ್ಟಣ ಇಟ್ಟು ತೋರಿಸಿದ. ಕೆಲವರು ನಕ್ಕರು. ಒಬ್ಬ ಹಿರಿಯ ಡ್ರೈವರು ಮಾತ್ರ ನಗದೆ, ಬೆಂಕಿಪೊಟ್ಟಣವನ್ನು ಮತ್ತೊಮ್ಮೆ ಹಿಂದಕ್ಕೆ ಸರಿಸಿ ನೋಡಿ, "ಅವರು ಯಾವ ಕನ್ನಡಿ ನೋಡ್ತಾರೆ?" ಎಂದು ಕೇಳಿದ.

"ಗೊತ್ತಿಲ್ಲ. ಕೇಳಿ ಹೇಳ್ತೀನಿ" ಎಂದು ಏಳನೇ ನಂಬರು ಲೋಟದಲ್ಲಿ ಉಳಿದಿದ್ದ ಕಾಫಿ ಕುಡಿದು ಎದ್ದ.