ಬಲಗೈ ಉಳಿಸುವ ಯಂತ್ರ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಕಾಲರ್ ಮೇಲೆ ಅವಳ ಬಲಗೈ ಒಮ್ಮೆ ಓಡಿತೆಂದರೆ ಸುಕ್ಕು ಹೇಳಹೆಸರಿಲ್ಲದಂತೆ ಹೋಗುತ್ತಿತ್ತು. ಆ ಕೈಯೇ ಅವಳ ಜಂಬ. ಜಂಬಕ್ಕೆ ತಕ್ಕ ನಾಲಿಗೆಯೂ ಇತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಒಡಹುಟ್ಟಿದ ತಮ್ಮನಿಗೆ ದಿನಾ ಅದರ ಬಿಸಿ ಮುಟ್ಟುತ್ತಿತ್ತು.

ಲಾಂಡ್ರಿ ಅವನಿಗೆ ಕಲಿಸಿದ್ದು ಒಂದೇ ಪಾಠ: ಎಲ್ಲೇ ಬುಸ್ಸೆಂದು ಆವಿ ಸೋರಲಿ, ಮೊದಲು ಮಿಷನ್ ಬಂದ್ ಮಾಡು, ಮಿಕ್ಕಿದ್ದು ಆಮೇಲೆ. ಪೈಪು ಕಿತ್ತುಬಂದ ದಿನ ಮಹಾಶಯ ಸಿಗರೇಟು ಸೇದಲು ಹೊರಗೆ ಹೋಗಿದ್ದ. ಓಡಿ ಬರುವಷ್ಟರಲ್ಲಿ ಅಕ್ಕನ ಬಲ ಮುಂಗೈ ಬೆಂದುಹೋಗಿತ್ತು.

ಆಸ್ಪತ್ರೆಯಲ್ಲಿ ಸತ್ತ ಚರ್ಮ ಕತ್ತರಿಸಿ ತೆಗೆದು, ಆಳದ ಗಾಯಕ್ಕೆ ಸ್ಪಂಜು ತುಂಬಿ, ಮೇಲೆ ತೆಳು ಪ್ಲಾಸ್ಟಿಕ್ ಅಂಟಿಸಿ, ಕೊಳವೆಯೊಂದನ್ನು ಮಂಚದ ಪಕ್ಕದ ಪುಟ್ಟ ಯಂತ್ರಕ್ಕೆ ಜೋಡಿಸಿದರು. ಯಂತ್ರ ಬಿಡದೆ ಗಾಯದ ಕೊಳೆನೀರು ಹೀರುತ್ತಿರಬೇಕು; ಒಳಗೆ ಕೆಂಪು ಮಾಂಸ ಚಿಗುರಿದರೆ ತೊಡೆಯ ಚರ್ಮ ತಂದು ಕಸಿ ಮಾಡಬಹುದು, ಕೈ ಉಳಿಯುತ್ತದೆ ಎಂದರು ಡಾಕ್ಟರು. ಮೊದಲ ಸಲ ಸ್ಪಂಜು ಬದಲಿಸಿದಾಗ ಅವಳ ಕಿರುಚಾಟಕ್ಕೆ ವಾರ್ಡಿಗೆ ವಾರ್ಡೇ ಎದ್ದು ಕೂತಿತು. ಆದರೂ ಅಲ್ಲಲ್ಲಿ ಕೆಂಪು ಕಂಡಿತ್ತು. ಅಷ್ಟಕ್ಕೇ ಅವಳು ಎಲ್ಲವನ್ನೂ ಹಲ್ಲುಕಚ್ಚಿ ಸಹಿಸಿದಳು.

ಒಂದು ಮಧ್ಯಾಹ್ನ ಅವಳು ಇಂಜೆಕ್ಷನ್ನಿನ ಮಂಪರಿನಲ್ಲಿದ್ದಾಗ ಪ್ಲಾಸ್ಟಿಕ್ಕಿನ ಅಂಚು ಬಿಟ್ಟು ಬುಸ್ಸೆಂದು ಸದ್ದು ಬಂತು. ನರ್ಸನ್ನು ಕರೆದು ಅಂಚು ಅಂಟಿಸಿದ್ದರೆ ಮುಗಿಯುತ್ತಿತ್ತು. ತಮ್ಮ ಎಗರಿ ಯಂತ್ರ ಆರಿಸಿಬಿಟ್ಟ. ಈ ಸಲ ತಡಮಾಡಲಿಲ್ಲ ಎಂಬ ಹೆಮ್ಮೆ ಬೇರೆ. ಅಕ್ಕನಿಗೆ ಚಳಿಯಾದೀತೆಂದು ಕೈ ಮುಚ್ಚುವಂತೆ ಕಂಬಳಿ ಎಳೆದ. ಸಂಜೆಯ ನರ್ಸಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಬಾಗಿಲಲ್ಲೇ ನಿಂತು ವಿಚಾರಿಸಿದಾಗ, ಎಲ್ಲ ಸರಿಯಿದೆ ಎಂದು ಅವನೇ ಕಳಿಸಿದ.

ಬೆಳಿಗ್ಗೆ ಕಂಬಳಿ ಸರಿಸಿದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಅವಳ ಮೈ ಕಾದ ಹೆಂಚಾಗಿತ್ತು. ಏನೆಲ್ಲ ಮಾಡಿದರೂ ನಂಜು ಇಳಿಯಲಿಲ್ಲ. ಜೀವ ಉಳಿಸಲು ಡಾಕ್ಟರು ಕೈಯನ್ನು ಮೊಣಕೈ ಹತ್ತಿರವೇ ಕತ್ತರಿಸಿದರು.

ಅವಳು ಎದ್ದು ಕೂರುವಂತಾದ ದಿನ ತಮ್ಮ ಅವಳ ಕಾಲು ಹಿಡಿದುಕೊಂಡು ಅತ್ತ.

“ನಿನ್ನ ಕೈ ಉಳೀಲಿ ಅಂತಾನೇ ಆಫ್ ಮಾಡಿದ್ದು ಅಕ್ಕ,” ಎಂದ.

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎಳ್ಳಷ್ಟು ಕನಿಕರ ಹುಟ್ಟಲಿಲ್ಲ.

“ಬಾಚಣಿಗೆ ತಗೊಂಡು ಬಾ,” ಎಂದಳು. “ನಾನು ಸಾಯೋವರೆಗೂ ನನ್ನ ತಲೆ ನೀನೇ ಬಾಚಬೇಕು. ತುತ್ತೂ ನೀನೇ ಬಾಯಿಗೆ ಇಡಬೇಕು.”

ಎಡಗೈ ಗಟ್ಟಿಮುಟ್ಟಾಗಿಯೇ ಇತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಅವನಿಗೆ ತಲೆ ಕೊಟ್ಟು ಕೂತಳು.