ನಡುಗಡ್ಡೆಗೆ ಹೊಲದ ಕಲ್ಲು ತರಿಸುವ ಶಿವಕಾಂತಮ್ಮ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಬಾಕಿ. ತೊಗರಿವಾಡಿ ಜಲಾಶಯದ ದಂಡೆಯಲ್ಲಿ ಶಿವಕಾಂತಮ್ಮ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿಕೊಂಡು, ನೀರಲ್ಲಿ ನಿಂತು ದೋಣಿ ತೊಳೆಯುತ್ತಿದ್ದಾರೆ. ದಂಡೆಯ ಮೇಲೆ ಉದಗೀರದಿಂದ ಬಂದ ಎಂಟು ಹೆಂಗಸರು ಸಾಲಾಗಿ ನಿಂತಿದ್ದಾರೆ. ಎಲ್ಲರ ಕೈಯಲ್ಲೂ ಒಂದೊಂದು ಕಲ್ಲು. ಲಿಂಬೆಹಣ್ಣಿನಷ್ಟು ಸಣ್ಣದೂ ಇದೆ, ತೆಂಗಿನಕಾಯಿಯಷ್ಟು ದೊಡ್ಡದೂ ಇದೆ. ದೋಣಿ ತೊಳೆದು ಮುಗಿದ ಮೇಲೆ ಶಿವಕಾಂತಮ್ಮ ಒಂದೊಂದನ್ನೂ ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಾರೆ.

“ಇದು ಯಾವ ಹೊಲದ್ದ್ರಿ?”

“ಜಳಕೋಟದಾಗ ನಮ್ಮ ಮಾವನವರ ಹೊಲ ಅದ. ಅಲ್ಲೀದು.”

“ಬರಾಬರ ಅದ. ಏರ್ರಿ. ನಿಮ್ಮದು?”

“ಹೊಲದ್ದೇ,” ಎನ್ನುತ್ತಾರೆ ಮುಂದಿನವರು, ಅತ್ತಿತ್ತ ನೋಡುತ್ತ.

“ಡಾಂಬರ ಹತ್ತೇದಲ್ರೀ ಇದಕ್ಕ! ನಿಮ್ಮ ಹೊಲಕ್ಕ ಡಾಂಬರ ಹಾಕ್ಯಾರೇನು?”

ಎಲ್ಲರೂ ನಗುತ್ತಾರೆ. ಡಾಂಬರಿನ ಕಲ್ಲು ದಂಡೆಯಲ್ಲೇ ಉಳಿಯುತ್ತದೆ, ಅದನ್ನು ತಂದವರು ದೋಣಿ ಏರುತ್ತಾರೆ. ಉಳಿದ ಕಲ್ಲುಗಳೆಲ್ಲ ಒಂದು ಗೋಣಿಚೀಲ ಸೇರುತ್ತವೆ. ಇವರ ಬಗ್ಗೆ ಬರೆಯಲು ಬಂದಿರುವ, ಈಜು ಬಾರದ ನಾನು ನಡುವಿನ ಹಲಗೆ ನೋಡಿಕೊಂಡು ಕೂರುತ್ತೇನೆ. ಕೊನೆಯಲ್ಲಿ ಕೋಲೂರಿಕೊಂಡು, ಕೈಯಲ್ಲಿ ಹಿತ್ತಾಳೆಯ ತಂಬಿಗೆ ಹಿಡಿದು ಬರುವವರು ರಾಚಯ್ಯನವರು. ವಯಸ್ಸು ಎಪ್ಪತ್ತೆಂಟು. ಊರಿನ ಜಂಗಮರು, ಮಹಾದೇವ ಗುಡಿಯ ಪಂಚರಲ್ಲಿ ಹಿರಿಯರು. ಅವರನ್ನು ಕಂಡದ್ದೇ ಶಿವಕಾಂತಮ್ಮನ ನಗು ಅರ್ಧಕ್ಕೆ ನಿಲ್ಲುತ್ತದೆ. “ಶರಣ್ರಿ ಅಯ್ನೋರ” ಎಂದು ಕೈ ಹಿಡಿದು ಹತ್ತಿಸುತ್ತಾರೆ.

ಅವರ ಹೆದರಿಕೆಗೆ ಕಾರಣವಿದೆ. ದೋಣಿ ಗುಡಿಯದು. ನಾಡಿದ್ದು ಪಾಡವಾ, ಅಂದರೆ ನಮ್ಮ ಯುಗಾದಿ. ಮುಂದಿನ ಒಂದು ವರ್ಷ ದೋಣಿಯನ್ನು ಯಾರು ನಡೆಸಬೇಕೆಂದು ಪಂಚರು ಹೇಳುವುದು ಆ ದಿನ. ಹದಿನಾರು ವರ್ಷದಿಂದ ಶಿವಕಾಂತಮ್ಮನ ಕೈಯಲ್ಲಿರುವ ಹುಟ್ಟು ಅಲ್ಲೇ ಉಳಿಯುತ್ತದೋ ಇಲ್ಲವೋ ಎಂಬುದು ರಾಚಯ್ಯನವರು ಇವತ್ತು ನಡುಗಡ್ಡೆಯಲ್ಲಿ ಏನು ನೋಡುತ್ತಾರೆ ಎಂಬುದರ ಮೇಲಿದೆ.

ತೊಗರಿವಾಡಿ ಇರುವುದು ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ದೇವಣಿಗೂ ಶಿರೂರ ಅನಂತಪಾಳಕ್ಕೂ ನಡುವೆ. ಹಳ್ಳಕ್ಕೆ ಒಡ್ಡು ಕಟ್ಟಿದಾಗ ಹಳೆಯ ಊರು ಮುಳುಗಿತು, ಗುಡ್ಡದ ಇಳಿಜಾರಿನಲ್ಲಿದ್ದ ಮಹಾದೇವನ ಗುಡಿಯೂ ಮುಳುಗಿತು. ಗುಡ್ಡದ ನೆತ್ತಿ ಮಾತ್ರ ನೀರಿನ ಮೇಲೆ ಉಳಿದು ನಡುಗಡ್ಡೆಯಾಯಿತು. ಮರಾಠಿ ಮಂದಿಯಂತೆ ಕನ್ನಡ ಮಂದಿಯೂ ಅದನ್ನು ‘ಬೇಟ’ ಎನ್ನುತ್ತಾರೆ. ಲಿಂಗವನ್ನು ಹೊಸ ಊರಿಗೆ ತಂದರೂ ಹಿರಿಯರ ಮನಸ್ಸು ಒಪ್ಪಲಿಲ್ಲ. ಬೇಟಕ್ಕೆ ಹೋದವರೆಲ್ಲ ಅಲ್ಲೇ ಬಿದ್ದ ಒಂದೊಂದು ಕಲ್ಲು ಎತ್ತಿ ನೆತ್ತಿಯ ಮೇಲೆ ಇಡಬೇಕು, ಮುಳುಗಿದ ಗುಡಿ ಹೀಗಾದರೂ ಮೇಲೇಳಲಿ ಎಂದು ಪದ್ಧತಿ ಮಾಡಿದರು. ಮೂವತ್ತೈದು ವರ್ಷದಲ್ಲಿ ಅದು ಎದೆಯೆತ್ತರದ ರಾಶಿಯಾಗಿದೆ. ಪಾಡವಾ ಹತ್ತಿರವಾದಾಗ ರಾಚಯ್ಯನವರು ಬಂದು ಅದರ ಮೇಲೆ ಒಂದು ತಂಬಿಗೆ ನೀರು ಹಾಕುತ್ತಾರೆ. ಅದೇ ಅಭಿಷೇಕ.

ಶಿವಕಾಂತಮ್ಮ ಭಾಲ್ಕಿ ಕಡೆಯ ಹೆಣ್ಣುಮಗಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದಾಗ ಅಷ್ಟು ನೀರನ್ನು ಒಟ್ಟಿಗೆ ಕಂಡದ್ದೇ ಮೊದಲು. ದೋಣಿ ನಡೆಸುತ್ತಿದ್ದವರು ಗಂಡ ಗುರಣ್ಣ. ಹದಿನಾರು ವರ್ಷದ ಹಿಂದೆ ಒಂದು ದೇವಣಿ ಹೋರಿ ಅವರನ್ನು ಗೋದಲಿಗೆ ಒತ್ತಿ ಬಲಭುಜ ಮುರಿಯಿತು. ಕೈ ಮೇಲೇಳದಾಯಿತು. ದೋಣಿ ಬೇರೆಯವರ ಪಾಲಾಗುತ್ತದೆ ಎನ್ನುವಾಗ ಹೆಂಡತಿ ಹುಟ್ಟು ಹಿಡಿದರು. ಗುರಣ್ಣ ದಂಡೆಯಲ್ಲಿ ಕೂತು ಕೂಗಿ ಕೂಗಿ ಕಲಿಸಿದರು.

“ಇಪ್ಪತ್ತು ದಿನದಾಗ ಕಲತಳ್ರಿ. ಆದ್ರ ಮಂದಿ ಏರಬೇಕಲ್ಲ?” ಎಂದು ಗುರಣ್ಣ ನಗುತ್ತಾರೆ. “ಹೆಣ್ಮಗಳ ನಾವಿನ್ಯಾಗ ಯಾರ ಕೂಡತಾರ ಅಂತ ಎಲ್ಲಾರೂ ದೂರ ನಿಂತ್ರು. ಆಕಿ ಮೂರು ತಿಂಗಳ ಖಾಲಿ ನಾವ ಹೊಡದಾಳ. ದಿನಾ ಹೋಗೋದು, ದಿನಾ ಬರೋದು. ಮಂದಿ ನೋಡ್ಲಿ ಅಂತ.”

ಆ ಖಾಲಿ ದೋಣಿಯನ್ನು ಮೊದಲು ಏರಿದವರು ಇದೇ ರಾಚಯ್ಯನವರು. ಅವರು ಏರಿದ ಮೇಲೆ ಊರೇ ಏರಿತು. ಇವತ್ತಿನ ಭಯದಲ್ಲಿ ಸಂಕಟವೂ ಸೇರಿರುವುದು ಅದಕ್ಕೇ.

ಈಗ ಶಿವಕಾಂತಮ್ಮನಿಗೆ ಐವತ್ತೆರಡು. ಶನಿವಾರ ಭಾನುವಾರ ಉಮರ್ಗಾ, ನಿಲಂಗಾ, ಉದಗೀರದಿಂದ ಮಂದಿ ಬೇಟ ಸುತ್ತಲು ಬರುತ್ತಾರೆ. ಬಿಸಿಲೇರುವ ಮುನ್ನ ಮೂರು ಸಲ ಹೋಗಿ ಬರುವುದು. ಹೋಗುವಾಗ ಆರುನೂರ ಇಪ್ಪತ್ತು ಸಲ ಹುಟ್ಟು ಹಾಕಬೇಕು, ಬರುವಾಗ ಗಾಳಿ ಎದುರಾದರೆ ಎಂಟುನೂರು ದಾಟುತ್ತದೆ. ಒಂದು ಸಲಕ್ಕೆ ಹನ್ನೆರಡು ಜನ, ಎಲ್ಲರಿಗೂ ಲೈಫ್ ಜಾಕೆಟ್. ಹದಿಮೂರನೆಯವರು ತಾಲೂಕಿನ ದೊಡ್ಡ ಮನುಷ್ಯರಾದರೂ ದಂಡೆಯಲ್ಲೇ ನಿಲ್ಲಬೇಕು. ಬೇಟದ ಸುತ್ತು ಸಾವಿರದ ನಾನೂರು ಹೆಜ್ಜೆ. ನೀರುಕಾಗೆ ಎಲ್ಲಿ ರೆಕ್ಕೆ ಒಣಗಿಸುತ್ತದೆ, ನೀರುನಾಯಿ ಮೀನು ತಿಂದು ಮುಳ್ಳು ಎಲ್ಲಿ ಬಿಡುತ್ತದೆ ಎಂದು ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ತೋರಿಸುತ್ತಾರೆ.

ಇಷ್ಟು ಬಲ್ಲವರೂ ಒಂದು ತಪ್ಪು ಮಾಡಿದರು. ಅದನ್ನು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ ಬೇಟದ ಅಂಚಿನ ಹರಳುಗಲ್ಲುಗಳ ನಡುವೆ ‘ಸುರಯ’ ಎಂಬ ಹಕ್ಕಿ ಮೊಟ್ಟೆ ಇಡುತ್ತದೆ. ಕಪ್ಪು ಟೊಪ್ಪಿಗೆ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ಇದು ನದಿ ರೀವ. ಗೂಡು ಎಂದು ಕಟ್ಟುವುದಿಲ್ಲ, ನೆಲದ ಮೇಲೇ ಎರಡೋ ಮೂರೋ ಮೊಟ್ಟೆ. ಬೂದು ಬಣ್ಣ, ಮೇಲೆ ಕಂದು ಚುಕ್ಕೆ. ಪಕ್ಕದ ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಎರಡು ವರ್ಷದ ಹಿಂದೆ ಇಂಥದೇ ಒಂದು ಬೆಳಿಗ್ಗೆ ಶಿವಕಾಂತಮ್ಮ ದೋಣಿ ಕಟ್ಟುತ್ತಲೇ ಬಗ್ಗಿ, ರಾಶಿಗೆ ಇಡಲೆಂದು ಒಂದು ಕಲ್ಲು ಎತ್ತಿಕೊಂಡರು.

“ಕೈಯಾಗ ಬೆಚ್ಚಗ ಹತ್ತಿತ್ರಿ. ಮುಂಜಾನಿ ಹೊತ್ತು ಕಲ್ಲು ಥಂಡ ಇರಬೇಕು. ಅದೂ ತಿಳೀಲಿಲ್ಲ ನೋಡ್ರಿ ನನಗ. ಮಹಾದೇವಾ ಅಂದೆ, ರಾಶಿ ಮ್ಯಾಲ ಇಟ್ಟೆ. ಉರಳಿ ಬಿತ್ತು, ಒಡೀತು. ಒಳಗ ಮರಿ ಇತ್ರಿ.” ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ನನ್ನ ಕೈಲೆ ಆತು. ಆ ರಾತ್ರಿ ಊಟ ಸೇರಲಿಲ್ಲ. ಹದಿನಾಲ್ಕು ವರ್ಷ ಬೇಟ ನೋಡ್ಲಿಕ್ಕ ಬಂದ ಪಾವಣ್ಯಾರ ಕೈಲೆ ಕಲ್ಲು ಎತ್ತಿಸೀನಿ. ಅದರಾಗ ಎಷ್ಟು ಮೊಟ್ಟಿ ಹೋಗ್ಯಾವೋ, ಯಾರಿಗ್ಗೊತ್ತು?”

ಆ ವರ್ಷ ಬೇಟದಲ್ಲಿ ಉಳಿದಿದ್ದುದು ನಾಲ್ಕೇ ಜೋಡಿ. ಮರುದಿನದಿಂದಲೇ ಅವರು ಕಲ್ಲು ಎತ್ತುವುದನ್ನು ನಿಲ್ಲಿಸಿದರು. ಊರಲ್ಲಿ ಗುಲ್ಲೆದ್ದಿತು. ಹೋದ ವರ್ಷದ ಪಾಡವಾಕ್ಕೆ ಪಂಚರು ಕರೆಸಿ ಕೇಳಿದರು. ದೇವರ ಗುಡಿ ಏಳುವುದನ್ನು ನಿಲ್ಲಿಸಲು ನೀನ್ಯಾರು ಎಂದು ಗದರಿದವರು ರಾಚಯ್ಯನವರೇ. ಶಿವಕಾಂತಮ್ಮ ನಿಂತಲ್ಲೇ ಯೋಚಿಸಿ ಉತ್ತರ ಕೊಟ್ಟರು.

“ಕಲ್ಲು ನಿಲ್ಲಸಂಗಿಲ್ರಿ ಅಯ್ನೋರ. ಬೇಟದ ಕಲ್ಲು ಮುಟ್ಟಂಗಿಲ್ಲ, ಅಷ್ಟೇ. ಅವರವರು ಅವರವರ ಹೊಲದ ಕಲ್ಲು ತರ್ಲಿ. ಹೊಲಾನೂ ಹಸನಾಗ್ತದ, ಗುಡೀನೂ ಏಳ್ತದ.”

ಪಂಚರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಒಂದು ವರ್ಷ ನೋಡೋಣ, ರಾಶಿ ಬೆಳೆಯದಿದ್ದರೆ ದೋಣಿ ಬೇರೆಯವರಿಗೆ ಎಂದರು. ಮೊದಲ ಎರಡು ತಿಂಗಳು ಒಬ್ಬರೂ ಕಲ್ಲು ತರಲಿಲ್ಲ. ಮನೆಯಿಂದ ಕಲ್ಲು ಹೊತ್ತು ಪ್ರವಾಸಕ್ಕೆ ಬರುವವರು ಯಾರು? ಶಿವಕಾಂತಮ್ಮನೇ ದಾರಿಯ ಹೊಲಗಳಲ್ಲಿ ಕೇಳಿಕೊಂಡು, ಬುಟ್ಟಿಯಲ್ಲಿ ಹೊತ್ತು ತಂದು ಇಟ್ಟರು. ಆಮೇಲೆ ಮಾತು ಹರಡಿತು. ಎಳ್ಳ ಅಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗಿ ಬಜ್ಜಿ, ಅಂಬಲಿ ಉಂಡು ಬರುವಾಗ ಒಕ್ಕಲು ಮನೆತನಗಳೆಲ್ಲ ಮಹಾದೇವನಿಗೆಂದು ಒಂದೊಂದು ಕಲ್ಲು ತೆಗೆದಿಟ್ಟವು. ಮುಂದಿನ ಎಂಟು ದಿನದಲ್ಲಿ ನಾನೂರಕ್ಕೂ ಹೆಚ್ಚು ಕಲ್ಲು ಬಂದವು. ರಾಶಿ ಒಂದು ಮೊಳ ಏರಿತು. ಒಂದೊಂದು ಕಲ್ಲಿಗೂ ಒಂದೊಂದು ಹೊಲದ ಹೆಸರಿದೆ ಎಂದು ಹೇಳುವಾಗ ಶಿವಕಾಂತಮ್ಮನ ದನಿಯಲ್ಲಿ ಜಂಬ ಇಣುಕುತ್ತದೆ. ಇರಲಿ ಬಿಡಿ, ಇಂಥ ಜಂಬ ಎಲ್ಲರಿಗೂ ಬರುವುದಿಲ್ಲ.

ದೋಣಿ ಬೇಟಕ್ಕೆ ತಾಗುತ್ತದೆ. ಇಳಿದವರೆಲ್ಲ ಗಂಟು ಹಾಕಿದ ಒಂದು ಉದ್ದನೆಯ ಹಗ್ಗ ಹಿಡಿಯಬೇಕು. ಒಂದು ಗಂಟಿಗೆ ಒಬ್ಬರು, ಮುಂದಿನವರು ಹೆಜ್ಜೆ ಇಟ್ಟಲ್ಲೇ ಹಿಂದಿನವರ ಹೆಜ್ಜೆ. ಇದನ್ನು ಹೇಳಿಕೊಟ್ಟವರು ಇವತ್ತಿನ ತಂಡವನ್ನು ಕರೆತಂದಿರುವ ಉದಗೀರದ ಮೀನಲ. ಅವರು ಆರು ವರ್ಷ ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡಿ ಕೆರಿಬಿಯನ್ ಸಮುದ್ರದ ಸಣ್ಣ ಸಣ್ಣ ದ್ವೀಪಗಳನ್ನೆಲ್ಲ ಕಂಡವರು.

“ಅಲ್ಲಿ ಆಮೆ ಮೊಟ್ಟಿ ಇಡೋ ದಂಡಿಗೆ ಕಡ್ಡಿ ನೆಟ್ಟು ಹಗ್ಗ ಎಳದಿರ್ತಾರ್ರಿ,” ಎನ್ನುತ್ತಾರೆ ಮೀನಲ. “ಒಬ್ಬಾಕಿ ಮುದುಕಿ ಇದ್ಲು, ಪಾವಣ್ಯಾರನ್ನ ಕಾಡು ತಿರುಗಸಾಕಿ. ಹಗ್ಗ ದಾಟಿದವರಿಗೆ ಹಿಂಗ ಬೈತಿದ್ಲು, ಥೇಟ ನಮ್ಮ ಶಿವಕಾಂತಕ್ಕನ ಹಂಗೇ!”

“ಅಷ್ಟು ದೂರ ನನ್ನಂಥಾಕಿ ಒಬ್ಬಾಕಿ ಅದಾಳಂದ್ರ ನನಗೂ ಧೈರ್ಯ ಬಂತ್ರಿ,” ಎಂದು ಶಿವಕಾಂತಮ್ಮ ಹಗ್ಗದ ತುದಿ ಹಿಡಿದು ಮುಂದೆ ನಡೆಯುತ್ತಾರೆ. “ಹಳೂ, ಹಳೂ,” ಎಂದು ತಿರುತಿರುಗಿ ಮೆಲ್ಲಗೆ ಬರಲು ಹೇಳುತ್ತಾರೆ. ಬೆರಳು ತೋರಿಸಿದಲ್ಲಿ ಕಣ್ಣು ಕಿರಿದಾಗಿಸಿ ನೋಡಿದರೆ ಮೊಟ್ಟೆ ಕಾಣುತ್ತದೆ. ಹೋದ ವರ್ಷ ಹನ್ನೊಂದು ಜೋಡಿ ಇದ್ದವು, ಈ ವರ್ಷ ಇಪ್ಪತ್ತಾರು.

ಇಪ್ಪತ್ತಾರನೆಯದೇ ತೊಂದರೆ. ಐದು ದಿನದ ಹಿಂದೆ ಒಂದು ಸುರಯ ಕಲ್ಲಿನ ರಾಶಿಯ ನೆತ್ತಿಯ ಮೇಲೇ ಎರಡು ಮೊಟ್ಟೆ ಇಟ್ಟಿದೆ. ಅಂದಿನಿಂದ ಶಿವಕಾಂತಮ್ಮ ಯಾರನ್ನೂ ರಾಶಿಯ ಹತ್ತಿರ ಬಿಟ್ಟಿಲ್ಲ, ಬಂದ ಕಲ್ಲುಗಳನ್ನು ಚೀಲದಲ್ಲೇ ಇಟ್ಟಿದ್ದಾರೆ. ರಾಚಯ್ಯನವರಿಗೆ ಇದನ್ನು ಹೇಳಲು ಬಾಯಿ ಬಂದಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ಹಗ್ಗ ನಿಲ್ಲಿಸಿ, ಈಗ ಹೇಳುತ್ತಾರೆ.

“ಅಯ್ನೋರ, ಮುಂದ ಹೋಗಂಗಿಲ್ರಿ. ಹಕ್ಕಿ ಕುಂತದ.”

ರಾಚಯ್ಯನವರ ಮುಖ ಬಿಗಿಯುತ್ತದೆ. “ನಾ ನೀರು ಹಾಕಬೇಕಲ್ಲ ಯವ್ವಾ?”

“ನೀವು ಹೋದ್ರ ಅದು ಏಳ್ತದ. ಬಿಸಲಾಗ ಮೊಟ್ಟಿ ಕುದ್ದು ಹೋಗ್ತಾವ. ನಾವ, ಹುಟ್ಟು ಎರಡೂ ಬೇಕಾದ್ರ ತಗೋರಿ. ಇದೊಂದು ಬ್ಯಾಡ್ರಿ.”

ರಾಚಯ್ಯನವರು ಕೋಲು ಪಕ್ಕಕ್ಕಿಟ್ಟು, ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಜಾಲಿಯ ನೆರಳಲ್ಲಿ ಕೂತುಬಿಡುತ್ತಾರೆ. “ಅದಾಗೇ ಏಳ್ತದಲ್ಲ? ಏಳೋತನ ಕೂಡ್ತೀನಿ.”

ಏಳು ಗಂಟೆಯಾಗುತ್ತದೆ, ಎಂಟಾಗುತ್ತದೆ. ಹೆಂಗಸರು ಧಪಾಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚುತ್ತಾರೆ. ರಾಚಯ್ಯನವರು ತಿನ್ನುವುದಿಲ್ಲ. ಶಿವಕಾಂತಮ್ಮನೂ ತಿನ್ನುವುದಿಲ್ಲ. ದಂಡೆಯಲ್ಲಿ ಎರಡನೆಯ ತಂಡ ಕಾಯುತ್ತಿರಬೇಕು, ಆದರೂ ಅವರು ಅಲುಗುವುದಿಲ್ಲ. ಒಂಬತ್ತು ದಾಟುವಷ್ಟರಲ್ಲಿ ಕಲ್ಲು ಕಾಯತೊಡಗುತ್ತದೆ. ಆಗ ಹಕ್ಕಿ ಏಳುತ್ತದೆ. ರಾಚಯ್ಯನವರೂ ಕೋಲಿಗೆ ಕೈ ಹಾಕುತ್ತಾರೆ.

ಅವರು ನೆಟ್ಟಗೆ ನಿಲ್ಲುವಷ್ಟರಲ್ಲಿ ಹಕ್ಕಿ ನೀರಿಗಿಳಿದು, ಎದೆ ಹೊಟ್ಟೆ ಅದ್ದಿಕೊಂಡು ಮರಳಿ ಬಂದಿದೆ. ಗರಿಯಿಂದ ನೀರು ತೊಟ್ಟಿಕ್ಕುತ್ತಿದೆ. ಮೊಟ್ಟೆಯ ಮೇಲೆ ಮೆಲ್ಲಗೆ ಕೂರುತ್ತದೆ. ರಾಶಿಯ ನೆತ್ತಿಯ ಕಲ್ಲುಗಳು ಒದ್ದೆಯಾಗುತ್ತವೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾರಿ, ಮತ್ತೆ ತೋಯಿಸಿಕೊಂಡು ಬರುತ್ತದೆ.

“ಏನ್ಮಾಡ್ಲಿಕತ್ತದ ಅದು?” ಎನ್ನುತ್ತಾರೆ ರಾಚಯ್ಯನವರು.

“ಮೊಟ್ಟಿ ಥಂಡ ಮಾಡ್ತದ್ರಿ. ಬಿಸಲು ಇರೋತನ ಹಿಂಗೇ ನೀರು ತರ್ತದ.”

“ದಿನಕ್ಕ ಎಷ್ಟು ಸಲ?”

“ನಾ ಒಂದಿನ ಕುಂತು ಎಣಿಸೀನ್ರಿ. ಎಪ್ಪತ್ತು ದಾಟ್ತು, ಆಮ್ಯಾಲ ಬಿಟ್ಟೆ.”

ರಾಚಯ್ಯನವರು ರಾಶಿಯನ್ನೇ ನೋಡುತ್ತಾರೆ. “ನಾ ವರ್ಷಕ್ಕ ಒಂದು ತಂಬಗಿ ಹಾಕಿ ಪೂಜಿ ಆತು ಅಂತ ಹೋಗ್ತಿದ್ದೆ,” ಎಂದು ತಮ್ಮಷ್ಟಕ್ಕೇ ಅನ್ನುವಂತೆ ಹೇಳಿ, ತಂಬಿಗೆಯನ್ನು ಶಿವಕಾಂತಮ್ಮನ ಕೈಗೆ ಕೊಡುತ್ತಾರೆ. “ಹಿಡಿ ಯವ್ವಾ. ಕುಡಿ. ಮುಂಜಾನಿಂದ ಏನೂ ತಿಂದಿಲ್ಲ ನೀ. ಇನ್ನ ಒಂದು ವರ್ಷ ಹುಟ್ಟು ಹಾಕಬೇಕಲ್ಲ.”

ಶಿವಕಾಂತಮ್ಮ ತಂಬಿಗೆಯನ್ನು ಕಣ್ಣಿಗೊತ್ತಿಕೊಂಡು ಗಟಗಟ ಕುಡಿಯುತ್ತಾರೆ. ಮೀನಲ ಚಪ್ಪಾಳೆ ತಟ್ಟಲು ಹೋಗಿ, ಹಕ್ಕಿಯ ನೆನಪಾಗಿ ಕೈ ಕಟ್ಟಿಕೊಳ್ಳುತ್ತಾರೆ. ನನಗೆ ಕಣ್ಣು ತುಂಬಿ ಬಂದದ್ದನ್ನು ಬಿಸಿಲಿನ ಮೇಲೆ ಹಾಕುತ್ತೇನೆ.

ಮರಳುವಾಗ ಗಾಳಿ ಎದುರು. ಎಂಟುನೂರು ಸಲ ಹುಟ್ಟು ಹಾಕುವ ದಿನ. ಎದುರಿಗೆ ರಾಚಯ್ಯನವರು ಕಣ್ಣು ಮುಚ್ಚಿ ತೂಕಡಿಸುತ್ತಿದ್ದಾರೆ. ಇನ್ನೇನು ಆಸೆ ಇದೆ ಎಂದು ಶಿವಕಾಂತಮ್ಮನನ್ನು ಕೇಳುತ್ತೇನೆ. ಅವರು ಹುಟ್ಟು ನಿಲ್ಲಿಸದೆ ದನಿ ತಗ್ಗಿಸುತ್ತಾರೆ.

“ಆಸಿ ಅಂದ್ರ ಒಂದೇ ಅದ್ರಿ. ಮಳಿ ಬರೋದ್ರೊಳಗ ರಾಶಿ ಮ್ಯಾಲಿನ ಅವೆರಡೂ ಮರಿಯಾಗಿ ಹಾರಬೇಕು. ಹಾರಿದ ದಿನ ನಾನೇ ಅಯ್ನೋರ ಮನೀಗೆ ಹೋಗ್ತೀನಿ. ಬಾಗಲದಾಗ ನಿಂತು, ‘ಹಕ್ಕಿ ಪಾಳಿ ಮುಗೀತ್ರಿ ಅಯ್ನೋರ, ಇನ್ನ ನಿಮ್ಮ ಪಾಳಿ, ಬರ್ರಿ’ ಅಂತ ಹೇಳ್ತೀನಿ.”