ಸುಕ್ಕಿಲ್ಲದ ಇಪ್ಪತ್ತಮೂರು ಕಾಳು

"ಮುಚ್ಚಳ ಮುಟ್ಟಬೇಡ" ಅಂತ ಮಿಚಿಕೊ ಆಂಟಿ ನನ್ನ ಕೈ ಮೇಲೆ ಚಮಚದಲ್ಲಿ ಹೊಡೆದರು. ಪಾತ್ರೆಯೊಳಗೆ ಕಪ್ಪು ಸೋಯಾ ಕಾಳು ಬೇಯುತ್ತಿತ್ತು, ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಎರಡು ತುಕ್ಕು ಹಿಡಿದ ಮೊಳೆ. ಮೊಳೆ ಹಾಕಿದರೆ ಕಾಳು ಇನ್ನೂ ಕಪ್ಪಾಗುತ್ತದೆ. ಗಾಳಿ ತಗುಲಿದರೆ ಸುಕ್ಕಾಗುತ್ತದೆ. ಸುಕ್ಕಾದ ಕಾಳು ಹಬ್ಬದ ಅಡುಗೆ ಜೋಡಿಸುವ ಪೆಟ್ಟಿಗೆಗೆ ಹೋಗುವುದಿಲ್ಲ. ಪಾಠ ಅಷ್ಟೇ.

ಆಗ ನಾವು ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿದ್ದೆವು, ನನಗೆ ಹನ್ನೊಂದು ವರ್ಷ. ಫೋನಿನಲ್ಲಿ ನೋಡಿ ಅಡುಗೆ ಕಲಿಯುವ ಕಾಲ ಅದಲ್ಲ. ಯಾರಿಗಾದರೂ ಒಂದು ಅಡುಗೆ ಬರುತ್ತಿದ್ದರೆ ಅವರ ಮನೆಗೇ ಹೋಗಬೇಕಿತ್ತು. ನಮ್ಮ ಕೆಳಗಿನ ಮನೆಯ ಮಿಚಿಕೊ ಆಂಟಿ ಜಪಾನಿನವರು. ಡಿಸೆಂಬರಿನಲ್ಲಿ ಪ್ರತಿ ಶನಿವಾರ ನಾಲ್ಕೈದು ಜನಕ್ಕೆ ಅವರ ಊರಿನ ಹೊಸ ವರ್ಷದ ಅಡುಗೆ ಕಲಿಸುತ್ತಿದ್ದರು. ಸ್ವೀಡನ್ನಿನಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಆದರೆ ಅಮ್ಮ ಒಪ್ಪಲಿಲ್ಲ, ಆಂಟಿ ಅಂತ ಕರಿ ಅಂದಳು. ಸ್ವೀಡಿಷ್‌ನಲ್ಲಿ ಆಂಟಿ ಅಂದರೆ ವಿರೋಧಿ. ನನಗೂ ನಿನಗೂ ಏನು ಜಗಳ ಅಂತ ಅವರು ಮೊದಲ ದಿನವೇ ಕೇಳಿದರು.

ಕ್ಲಾಸಿಗೆ ಸೇರಿದ್ದು ಅಮ್ಮ. ನಾನು ಬರೀ ಜೊತೆಗೆ ಹೋಗಿದ್ದೆ. ಎರಡನೇ ವಾರ ಒಣ ಮೀನಿನ ಸಾರು ಕುದಿಯಿತು. ಅಮ್ಮ ಮೂಗು ಮುಚ್ಚಿಕೊಂಡು ಮೇಲೆ ಬಂದವಳು ಮತ್ತೆ ಹೋಗಲಿಲ್ಲ. ನಾನು ಹೋಗುತ್ತೇನೆ ಅಂದೆ.

ಅಪ್ಪ ನಕ್ಕರು. "ಸ್ಕೂಲಲ್ಲಿ ಒಂದ್ ಪೇಜ್ ಓದಕ್ಕಾಗಲ್ಲ, ಇವ್ನು ಜಪಾನ್ ಅಡುಗೆ ಕಲೀತಾನಂತೆ."

ಅಮ್ಮ ನಗಲಿಲ್ಲ. "ಹೋಗು. ಆದ್ರೆ ಮಧ್ಯದಲ್ಲಿ ಬಿಟ್ಟು ಬಂದ್ಯೋ, ನೋಡ್ಕೊ."

ಅಪ್ಪ ಹೇಳಿದ್ದು ಸುಳ್ಳಲ್ಲ. ಓದು ಬಾರದ ಮೂವರನ್ನು ಸ್ಕೂಲಿನಲ್ಲಿ ಬೇರೆ ಕೋಣೆಗೆ ಹಾಕಿದ್ದರು, ಅದರಲ್ಲಿ ನಾನೊಬ್ಬ. ಯಾವುದು ಶುರು ಮಾಡಿದರೂ ಅರ್ಧಕ್ಕೇ ಬಿಡುತ್ತಿದ್ದೆ. ಆಂಟಿಯ ಅಡುಗೆಮನೆಯಲ್ಲಿ ಓದುವುದೇನೂ ಇರಲಿಲ್ಲ. ಸಿಹಿ ಆಮ್ಲೆಟ್ ಸುರುಳಿ, ವಿನಿಗರ್‌ನಲ್ಲಿ ನೆನೆಸಿದ ಮೂಲಂಗಿ, ಸಿಗಡಿ, ಒಂದೊಂದಕ್ಕೂ ಆ ಹಬ್ಬದ ಕಪ್ಪು ಪೆಟ್ಟಿಗೆಯಲ್ಲಿ ಒಂದು ಮನೆ, ಚೌಕಾಬಾರದ ಮನೆ ಇದ್ದ ಹಾಗೆ. ಪ್ರತಿಯೊಬ್ಬರೂ ಒಂದು ಮನೆ ತುಂಬಬೇಕು. ನನಗೆ ಕಾಳು ಬಂತು. ಏನೇ ಆಗಲಿ, ಅದನ್ನು ನಾನೇ ತುಂಬಬೇಕು ಅಂತ ತೀರ್ಮಾನ ಮಾಡಿದೆ.

ಚಮಚದ ಏಟು ತಿಂದ ಆ ಶನಿವಾರ ನಾಲ್ಕು ಗಂಟೆ ಹೊತ್ತು ಒಲೆ ಮುಂದೆ ನಿಂತೆ. ಸಕ್ಕರೆ ಒಂದೇ ಸಲ ಹಾಕಬಾರದು, ಮುಚ್ಚಳ ಒಂಚೂರು ಸರಿಸಿ ಮೂರು ಸಲ ಹಾಕಬೇಕು. ಹಾಕಿದೆ. ಮುಚ್ಚಳ ತೆಗೆದಾಗ ಒಂದು ಕಾಳೂ ಸುಕ್ಕಾಗಿರಲಿಲ್ಲ, ಎಲ್ಲ ಗಾಜಿನ ಮಣಿ ಇದ್ದ ಹಾಗೆ ಇದ್ದವು.

"ರುಚಿ ನೋಡಿದೆಯಾ?" ಆಂಟಿ ಕೇಳಿದರು.

ಇಲ್ಲ ಅಂದೆ. ಹಬ್ಬದ ಅಡುಗೆಯನ್ನು ನೈವೇದ್ಯಕ್ಕೆ ಮೊದಲು ನಾಲಿಗೆಗೆ ಮುಟ್ಟಿಸಬಾರದು. ಗಣೇಶನ ಹಬ್ಬಕ್ಕೆ ಅಮ್ಮ ಪಾಯಸ ಮಾಡುವುದೂ ಬರೀ ಕಣ್ಣಳತೆಯಲ್ಲೇ. ಇದೂ ಹಬ್ಬದ್ದೇ ತಾನೇ ಅಂದೆ.

ಅವರು ಒಂದು ಕಾಳು ಬಾಯಿಗೆ ಹಾಕಿಕೊಂಡು ಪೇಪರಿಗೆ ಉಗಿದರು. ಮೂರನೇ ಸಲ ನಾನು ಹಾಕಿದ್ದು ಉಪ್ಪು. ಡಬ್ಬಿ ಎರಡೂ ಒಂದೇ ಥರ, ಮೇಲಿದ್ದದ್ದು ಜಪಾನಿ ಅಕ್ಷರ.

"ಇದನ್ನು ನಾವೂ ಹೊಸ ವರ್ಷದ ದೇವರಿಗೆ ಇಡುತ್ತೇವೆ. ಅವನಿಗೆ ಉಪ್ಪು ತಿನ್ನಿಸುತ್ತೀಯಾ?"

ಪೆಟ್ಟಿಗೆಯಲ್ಲಿ ನಿನ್ನ ಮನೆ ಖಾಲಿ ಇರಲಿ, ಪರವಾಗಿಲ್ಲ ಅಂದರು. ಪರವಾಗಿಲ್ಲ ಅನ್ನುವ ಮಾತು ಸ್ಕೂಲಿನಲ್ಲಿ ಸಾಕಷ್ಟು ಕೇಳಿದ್ದೆ. ಇನ್ನೊಂದು ಪ್ಯಾಕೆಟ್ ಕಾಳು ಕೊಡಿ ಅಂದೆ. ಉಳಿದಿದ್ದು ಒಂದೇ. ಕೊಟ್ಟರು, ಜೊತೆಗೆ ಮೊಳೆಯನ್ನೂ.

ವರ್ಷದ ಕೊನೇ ದಿನ ನಮ್ಮ ಮನೆಯಲ್ಲೇ ಬೇಯಿಸಿದೆ. ರುಚಿ ನೋಡಲಾ ಅಂತ ಅಮ್ಮನನ್ನು ಕೇಳಿದೆ.

"ನಮ್ ದೇವ್ರಿಗಾದ್ರೆ ಬೇಡ. ಅವ್ರ ದೇವ್ರಿಗೆ ಅವ್ರು ಹೇಳ್ದಂಗೆ ಮಾಡು. ಆದ್ರೆ ಆ ಮೊಳೆ ನನ್ ಒಳ್ಳೇ ಪಾತ್ರೆಗೆ ಹಾಕ್ಬೇಡ ಕಣೋ."

ಹಳೇ ಪಾತ್ರೆ ಕೊಟ್ಟಳು. ಸಕ್ಕರೆ ಹಾಕಿದಾಗೆಲ್ಲ ರುಚಿ ನೋಡಿದೆ, ಅನುಮಾನ ಬಂದು ಮಧ್ಯದಲ್ಲೂ ನೋಡಿದೆ. ಸಿಹಿ ಸರಿಯಾಗಿ ಬಂತು. ಆದರೆ ರುಚಿ ನೋಡಬೇಕಾದರೆ ಮುಚ್ಚಳ ಪೂರ್ತಿ ತೆಗೆಯಬೇಕಲ್ಲ. ಹೆಚ್ಚು ಕಡಿಮೆ ಕಾಳೆಲ್ಲ ಸುಕ್ಕು.

ಮಾರನೇ ಬೆಳಿಗ್ಗೆ ಪಾತ್ರೆ ಹಿಡಿದು ಕೆಳಗೆ ಹೋದೆ. ಆಂಟಿ ಬಗ್ಗಿ ನೋಡಿದರು. ಕೆಲವು ಊರುಗಳಲ್ಲಿ ಸುಕ್ಕು ಕಾಳನ್ನೇ ಇಡುತ್ತಾರೆ, ಸುಕ್ಕು ಬೀಳುವ ತನಕ ಬದುಕಲಿ ಅಂತ, ಹಾಕಿಬಿಡೋಣ ಅಂದರು.

"ಬೇಡ" ಅಂದೆ. "ಸುಕ್ಕು ಬೇಡ ಅಂದೋರು ನೀವೇ."

ಅಡುಗೆಮನೆ ನೆಲದಲ್ಲಿ ಕೂತು ಚಾಪ್‌ಸ್ಟಿಕ್‌ನಲ್ಲಿ ಸುಕ್ಕಿಲ್ಲದ ಕಾಳನ್ನು ಒಂದೊಂದೇ ತಟ್ಟೆಗೆ ತೆಗೆದೆ. ಹಾಲ್‌ನಲ್ಲಿ ಕ್ಲಾಸಿನವರೆಲ್ಲ ಹೊಸ ವರ್ಷದ ಊಟಕ್ಕೆ ಕಾಯುತ್ತಿದ್ದರು, ಅಪ್ಪ ಅಮ್ಮನೂ ಇದ್ದರು. ಕಾಯಲಿ ಅಂತ ಬಿಟ್ಟೆ. ಇಡೀ ಪಾತ್ರೆಯಲ್ಲಿ ಇಪ್ಪತ್ತಮೂರು ಕಾಳು ಸಿಕ್ಕಿತು.

ಆ ಇಪ್ಪತ್ತಮೂರನ್ನು ಆಂಟಿ ಪೆಟ್ಟಿಗೆಯ ನನ್ನ ಮನೆಯಲ್ಲಿ ಇಟ್ಟರು. ತಳ ಕೂಡ ಮುಚ್ಚಲಿಲ್ಲ. ಒಂದನ್ನು ತಾವು ತಿಂದು "ಮಾಮೆ" ಅಂದರು. ಅವರ ಭಾಷೆಯಲ್ಲಿ ಮಾಮೆ ಅಂದರೆ ಕಾಳು. ಮೈಗಳ್ಳತನ ಇಲ್ಲದೆ ಕೆಲಸ ಮಾಡುವವನಿಗೂ ಅದೇ ಮಾತಂತೆ. ಕಾಳಿಗೆ ಅಂದರೋ ನನಗೆ ಅಂದರೋ, ನಾನು ಕೇಳಲಿಲ್ಲ. ಅಪ್ಪ ಎರಡು ಕಾಳು ತಿಂದರು, ನಗಲಿಲ್ಲ.

ಮುಂದಿನ ಬೇಸಿಗೆಗೆ ಆಂಟಿ ಜಪಾನಿಗೆ ವಾಪಸ್ ಹೋದರು. ಒಂಬತ್ತನೇ ಕ್ಲಾಸ್ ಮುಗಿದ ಮೇಲೆ ನಾನು ಓದು ಪೂರ್ತಿ ಬಿಟ್ಟೆ. ಈಗ ಸ್ವೀಡನ್ನಿನದೇ ಇನ್ನೊಂದು ಊರು ಮಾಲ್ಮೋದಲ್ಲಿ ಮಧ್ಯಾಹ್ನದ ಊಟದ ಹೋಟೆಲಿನಲ್ಲಿ ಅಡುಗೆ ಮಾಡುತ್ತೇನೆ. ಕಾಳು ಬೆಂದೇ ಬರುತ್ತದೆ, ದೊಡ್ಡ ಡಬ್ಬಿಗಳಲ್ಲಿ. ತೆಗೆದು ಸುರಿಯುವುದಷ್ಟೇ. ಒಂದೊಂದು ಕಾಳನ್ನು ಯಾರೂ ನೋಡುವುದಿಲ್ಲ. ನಾನೂ ನೋಡುವುದನ್ನು ಬಿಟ್ಟಿದ್ದೇನೆ.